ಕಬ್ಬಿಣದ ಪೈಪಿನ ಬಾಯಲ್ಲಿ ಉಳಿಯುವ ಮುಳ್ಳು

ಕಟ್ಟಡದ ಕೆಲಸ ಜೋರಾಗಿರುವ ತಿಂಗಳುಗಳಲ್ಲಿ ನನ್ನ ದವಾಖಾನೆಗೆ ಒಂದೇ ಬಗೆಯ ಗಾಯ ಹೊತ್ತು ಹುಡುಗರು ಬರುತ್ತಾರೆ. ತೋರುಬೆರಳಿನ ತುದಿ, ಇಲ್ಲವೇ ಹೆಬ್ಬೆರಳಿನ ಬುಡ. ಗಾಯ ಉದ್ದವಿರುವುದಿಲ್ಲ, ಅರ್ಧಚಂದ್ರದ ಹಾಗೆ ಬಾಗಿರುತ್ತದೆ, ಆದರೆ ಆಳಕ್ಕೆ ಇಳಿದಿರುತ್ತದೆ. ಅದನ್ನು ನೋಡಿದ ಕೂಡಲೇ ನಾನು ಕೇಳುವುದು ಒಂದೇ ಮಾತು: "ಪೈಪಿನೊಳಗೆ ಬೆರಳು ಹಾಕಿದೆಯೇನಪ್ಪಾ?" ಹುಡುಗ ತಲೆ ತಗ್ಗಿಸಿ, "ನುಣ್ಣಗಾಗಿದೆಯಾ ಅಂತ ನೋಡ್ತಿದ್ದೆ ಹಕೀಂ ಸಾಬ್" ಎನ್ನುತ್ತಾನೆ.

ನಮ್ಮ ಮನೆಗಳ ಎಷ್ಟೋ ಮಕ್ಕಳು ಎಸ್ಸೆಸ್ಸೆಲ್ಸಿ ಅಥವಾ ಐಟಿಐ ಮುಗಿಸಿ ವೈರಿಂಗ್ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಊರಿನ ಉಸ್ತಾದರ ಕೈಕೆಳಗೆ ಕಲಿಯುತ್ತಾರೆ, ಕೆಲವರು ಕಲಿತು ಕೊಲ್ಲಿ ದೇಶಗಳಿಗೆ ಹಾರುತ್ತಾರೆ. ಮನೆಗಳ ಗೋಡೆಯೊಳಗೆ ಈಗ ಬಹುತೇಕ ಪಿವಿಸಿ ಪೈಪೇ ಇರುತ್ತದೆ. ಆದರೆ ರೈಸ್ ಮಿಲ್ಲು, ಕಾರ್ಖಾನೆಯ ಶೆಡ್ಡು, ಗೋದಾಮು, ಪಂಪ್ ಮನೆ, ಇಲಿ ಕಾಟ ಇರುವ ಜಾಗ, ಪೆಟ್ಟು ಬೀಳುವ ಜಾಗ, ಇಲ್ಲೆಲ್ಲ ಇಂದಿಗೂ ವೈರನ್ನು ಕಬ್ಬಿಣದ ಅಥವಾ ಸತು ಲೇಪಿಸಿದ ಜಿಐ ಪೈಪಿನೊಳಗೇ ಒಯ್ಯುತ್ತಾರೆ. ಆ ಪೈಪನ್ನು ಅಳತೆಗೆ ಕತ್ತರಿಸಬೇಕು. ಕತ್ತರಿಸಿದ ಬಾಯಲ್ಲಿ ಮುಳ್ಳಿನಂಥ ಚೂಪು ಅಂಚು ಉಳಿಯುತ್ತದೆ. ಕೆಲಸದವರು ಅದನ್ನು 'ಬರ್' ಎನ್ನುತ್ತಾರೆ. ಈ ತಿಂಗಳು ನಾನು ಬರೆಯುತ್ತಿರುವುದು ಆ ಬರ್ ಬಗ್ಗೆ.

ಹಕೀಮನಿಗೆ ಪೈಪಿನ ಉಸಾಬರಿ ಏಕೆ ಎಂದು ನಿಮಗೆ ಅನ್ನಿಸಬಹುದು. ಆ ಮುಳ್ಳು ಎರಡು ಸಲ ಗಾಯ ಮಾಡುತ್ತದೆ, ಅದಕ್ಕಾಗಿ. ಮೊದಲನೆಯದು ಕೆಲಸದವನ ಕೈಗೆ, ಅದೇ ದಿನ. ಅದು ಹತ್ತು ದಿನದಲ್ಲಿ ಮಾಯುತ್ತದೆ. ಎರಡನೆಯದು ವೈರಿನ ಹೊದಿಕೆಗೆ. ಅದು ಯಾರಿಗೂ ಕಾಣುವುದಿಲ್ಲ, ಮಾಯುವುದೂ ಇಲ್ಲ. ಅದರ ಪೆಟ್ಟು ಬೀಳುವುದು ಎಷ್ಟೋ ಮಳೆಗಾಲ ಕಳೆದ ಮೇಲೆ, ಆ ಪೈಪನ್ನು ಮುಟ್ಟಿದ ಬೇರೊಬ್ಬರಿಗೆ.

ಮುಳ್ಳು ಹುಟ್ಟುವುದು ಹೇಗೆ

ಹ್ಯಾಕ್ಸಾ ಬ್ಲೇಡಿನ ಹಲ್ಲು ಲೋಹವನ್ನು ಮುಂದಕ್ಕೆ ತಳ್ಳುತ್ತಾ ಕೊರೆಯುತ್ತದೆ. ಪೈಪಿನ ಗೋಡೆಯ ಕೊನೆಯ ತೆಳು ಪದರಕ್ಕೆ ಬಂದಾಗ ಅದರ ಹಿಂದೆ ಆಧಾರವಿರುವುದಿಲ್ಲ. ಆಗ ಆ ಪದರ ಕತ್ತರಿಸಿ ಬೀಳುವ ಬದಲು ಬಾಗಿ ಅಂಚಿಗೇ ಅಂಟಿಕೊಳ್ಳುತ್ತದೆ. ತೆಂಗಿನ ಗರಟೆ ಒಡೆದಾಗ ಅಂಚಿನಲ್ಲಿ ಸಿಬಿರು ನಿಲ್ಲುವುದಿಲ್ಲವೇ, ಹಾಗೆ. ಹೊರಗಿನ ಬರ್ ಕಣ್ಣಿಗೆ ಬೀಳುತ್ತದೆ, ಒಳಗಿನದು ಬೀಳುವುದಿಲ್ಲ.

ಚಕ್ರದ ಪೈಪ್ ಕಟ್ಟರ್ ಇನ್ನೊಂದು ಬಗೆ. ಪೈಪಿನ ಸುತ್ತ ತಿರುಗಿಸಿದರೆ ನೇರವಾಗಿ, ಚೆಂದವಾಗಿ ಕತ್ತರಿಸುತ್ತದೆ. ಹೊರಗೆ ನೋಡಿದರೆ ಬರ್ ಇಲ್ಲವೆಂದೇ ಕಾಣುತ್ತದೆ. ಆದರೆ ಅದು ಕೊರೆಯುವುದಿಲ್ಲ, ಒತ್ತುತ್ತದೆ. ಒತ್ತಿದ ಲೋಹವೆಲ್ಲ ಒಳಕ್ಕೆ ಮಡಚಿಕೊಂಡು ಪೈಪಿನ ಬಾಯಿ ಕಿರಿದಾಗಿ, ಸುತ್ತಲೂ ಚೂಪಾದ ತುಟಿ ಏಳುತ್ತದೆ. ನೀರಿನ ಪೈಪಿಗೆ ಇದು ಅಷ್ಟು ದೊಡ್ಡ ತೊಂದರೆಯಲ್ಲ. ವೈರಿನ ಪೈಪಿಗೆ ಮಾತ್ರ ದೊಡ್ಡ ತೊಂದರೆ. ಅದಕ್ಕೇ ಹಳೆಯ ಉಸ್ತಾದರು ವೈರಿಂಗ್ ಪೈಪಿಗೆ ಇಂದಿಗೂ ಹ್ಯಾಕ್ಸಾ ಹಿಡಿಯುತ್ತಾರೆ. ಅವರು ಹೊಸದನ್ನು ಒಪ್ಪದವರೆಂದು ನಗಬೇಡಿ, ಅದರಲ್ಲಿ ಕಾರಣವಿದೆ.

ಮನೆ ಬಳಕೆಯ ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ವಿದ್ಯುತ್ತಿಗೂ ಆ ಪೈಪಿಗೂ ನಡುವೆ ಇರುವುದು ಅಷ್ಟೇ. ನಾಲ್ಕೈದು ವೈರನ್ನು ಒಟ್ಟಿಗೆ ಕಟ್ಟಿ, ಒಬ್ಬ ಆ ಕಡೆಯಿಂದ ನೂಕುತ್ತಾ, ಒಬ್ಬ ಈ ಕಡೆಯಿಂದ ಬಲವಾಗಿ ಎಳೆಯುತ್ತಾನೆ. ಆ ಎಳೆತದಲ್ಲಿ ಪೈಪಿನ ಬಾಯ ಮುಳ್ಳು ಹೊದಿಕೆಯ ಮೇಲೆ ಉದ್ದಕ್ಕೂ ಗೀರುತ್ತದೆ. ತಾಮ್ರ ಅಂದೇ ಪೈಪಿಗೆ ತಾಗಿದರೆ ಫ್ಯೂಸ್ ಹೋಗಿ ತಪ್ಪು ತಿಳಿಯುತ್ತದೆ, ಅದು ಅದೃಷ್ಟ. ಹೆಚ್ಚಿನ ಸಲ ಗೀರು ಮಾತ್ರ ಬಿದ್ದಿರುತ್ತದೆ. ಪರೀಕ್ಷೆ ಮಾಡಿದರೆ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಮಾಲೀಕ ಹಣ ಕೊಡುತ್ತಾನೆ. ಮುಂದೆ ಮೋಟರಿನ ನಡುಕ, ವೈರ್ ಬಿಸಿಯಾಗಿ ತಣಿಯುವುದು, ಮಳೆಗಾಲದಲ್ಲಿ ಪೈಪಿನೊಳಗೆ ಕೂರುವ ತೇವ ಇವೆಲ್ಲ ಸೇರಿ ಒಂದು ದಿನ ಆ ಗೀರು ಬಾಯಿ ಬಿಡುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಇಡೀ ಪೈಪಿನಲ್ಲಿ ಕರೆಂಟ್ ಹರಿದು ನಿಲ್ಲುತ್ತದೆ. ಒದ್ದೆ ಕೈಯ ಹೆಣ್ಣುಮಗಳೊಬ್ಬಳು ಮೋಟರ್ ಹಾಕಲು ಹೋಗಿ ಪೈಪ್ ಹಿಡಿದರೆ ಸಾಕು.

ಕತ್ತರಿಸುವಾಗ

ಮೊದಲ ಮಾತು: ಪೈಪಿನೊಳಗೆ ವೈರ್ ಇರುವಾಗ ಅದಕ್ಕೆ ಬ್ಲೇಡ್ ಹಚ್ಚಬಾರದು. ಹಳೆಯ ಪೈಪನ್ನು ಕತ್ತರಿಸಬೇಕಾದರೆ ಮೇನ್ ಆಫ್ ಮಾಡಿ, ಯಾರೂ ಮತ್ತೆ ಹಾಕದ ಹಾಗೆ ನೋಡಿಕೊಂಡು, ಟೆಸ್ಟರ್ ಇಟ್ಟು ಖಚಿತಪಡಿಸಿಕೊಂಡು, ವೈರನ್ನು ಪೂರ್ತಿ ಎಳೆದು ತೆಗೆದ ಮೇಲೆಯೇ ಕೈ ಹಚ್ಚಬೇಕು. ಟೆಸ್ಟರನ್ನೇ ಮೊದಲು ಕರೆಂಟ್ ಇರುವ ಕಡೆ ಇಟ್ಟು, ಅದು ಕೆಲಸ ಮಾಡುತ್ತದೆಯೇ ಎಂದು ನೋಡಿಕೊಳ್ಳಬೇಕು. ಕೆಟ್ಟ ಟೆಸ್ಟರ್ 'ಕರೆಂಟ್ ಇಲ್ಲ' ಎಂದು ಹೇಳಿದ್ದನ್ನು ನಂಬಿ ಪ್ರಾಣ ಬಿಟ್ಟವರಿದ್ದಾರೆ.

ಎರಡನೆಯದು, ಪೈಪ್ ಹಿಡಿಯುವುದು. ನಮ್ಮ ಹುಡುಗರು ಚಪ್ಪಲಿ ಹಾಕಿದ ಕಾಲಲ್ಲಿ ಪೈಪನ್ನು ತುಳಿದು, ಬಗ್ಗಿ ನಿಂತು ಕೊಯ್ಯುತ್ತಾರೆ. ದುಂಡನೆಯ ಪೈಪು ಉರುಳಿತೆಂದರೆ ಬ್ಲೇಡ್ ಪಾದದ ಮೇಲೆ. ಪೈಪ್ ವೈಸ್ ಒಂದು ದೊಡ್ಡ ಸಾಮಾನೇನಲ್ಲ, ಸ್ಟ್ಯಾಂಡಿನ ಸಮೇತ ಕೆಲಸದ ಜಾಗಕ್ಕೆ ಒಯ್ಯುವಂಥದ್ದೂ ಸಿಗುತ್ತದೆ. ಕತ್ತರಿಸುವ ಗುರುತು ವೈಸಿನ ಬಾಯಿಗೆ ಹತ್ತಿರವೇ ಇರಲಿ. ದೂರವಿದ್ದರೆ ಪೈಪ್ ಅದುರಿ ಬ್ಲೇಡ್ ಮುರಿಯುತ್ತದೆ. ಮುರಿದ ಬ್ಲೇಡಿನ ತುಂಡು ಎಲ್ಲಿಗೆ ಹಾರುತ್ತದೆ ಎಂದು ಯಾರೂ ಹೇಳಲಾಗದು. ಉದ್ದದ ಪೈಪಾದರೆ ಇನ್ನೊಂದು ತುದಿಗೂ ಆಧಾರ ಕೊಡಬೇಕು.

ಬ್ಲೇಡಿನ ಆಯ್ಕೆಯಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಅಂಗಡಿಯಲ್ಲಿ ಇಂಚಿಗೆ 18, 24, 32 ಹಲ್ಲುಗಳ ಬ್ಲೇಡ್ ಸಿಗುತ್ತವೆ. ವೈರಿಂಗಿನ ಪೈಪಿನ ಗೋಡೆ ಸಾಮಾನ್ಯವಾಗಿ 16 ಗೇಜ್, ಅಂದರೆ ಸುಮಾರು 1.6 ಮಿಲಿಮೀಟರ್. 18 ಹಲ್ಲಿನ ಬ್ಲೇಡಿನಲ್ಲಿ ಒಂದು ಹಲ್ಲಿಗೂ ಮುಂದಿನದಕ್ಕೂ ನಡುವೆ 1.4 ಮಿಲಿಮೀಟರ್ ಅಂತರ. ಹೆಚ್ಚಿನ ಹೊತ್ತು ಒಂದೇ ಹಲ್ಲು ಗೋಡೆಯ ಮೇಲಿದ್ದು ಬ್ಲೇಡ್ ಜಗ್ಗುತ್ತದೆ, ಹಲ್ಲು ಉದುರುತ್ತದೆ, ಬರ್ ದೊಡ್ಡದಾಗುತ್ತದೆ. 32 ಹಲ್ಲಿನದರಲ್ಲಿ ಆ ಅಂತರ 0.8 ಮಿಲಿಮೀಟರ್. ಯಾವಾಗಲೂ ಎರಡು ಹಲ್ಲಾದರೂ ಗೋಡೆಯ ಮೇಲಿರುತ್ತವೆ. ತೆಳು ಪೈಪಿಗೆ ಅದೇ ಸರಿ. ಹಲ್ಲುಗಳ ಮೊನೆ ಹಿಡಿಯಿಂದ ಆಚೆಗೆ, ಮುಂದಕ್ಕೆ ನೋಡುವ ಹಾಗೆ ಬ್ಲೇಡ್ ಹಾಕಿ ಬಿಗಿ ಮಾಡಬೇಕು. ಮುಂದೆ ನೂಕುವಾಗ ಭಾರ ಹಾಕಿ, ಹಿಂದೆ ಎಳೆಯುವಾಗ ಸಡಿಲಿಸಬೇಕು. ನಿಮಿಷಕ್ಕೆ ನಲವತ್ತು ಐವತ್ತು ಸಲ ಆಡಿಸಿದರೆ ಸಾಕು, ಓಟದ ಪಂದ್ಯವೇನೂ ಅಲ್ಲ. ಕೊನೆಯ ಕಾಲು ಭಾಗ ಉಳಿದಾಗ ಭಾರವನ್ನು ಪೂರ್ತಿ ಬಿಟ್ಟು ನಿಧಾನಕ್ಕೆ ಆಡಿಸಬೇಕು. ನನ್ನ ಬಳಿ ಬರುವ ಮಂಡಿಯ ಗಾಯಗಳು, ಎಡಗೈ ಗೆಣ್ಣಿನ ಗಾಯಗಳು ಆಗುವುದು ಈ ಕೊನೆಯ ಹತ್ತು ಎಳೆತಗಳಲ್ಲೇ. ಪೈಪ್ ಥಟ್ಟನೆ ಬಿಟ್ಟುಕೊಳ್ಳುತ್ತದೆ, ಕೈ ಮಾತ್ರ ಮುಂದೆ ಹೋಗಿರುತ್ತದೆ.

ಗ್ರೈಂಡರಿನ ವಿಷಯ ಬಂದರೆ ನನಗೆ ಸಿಟ್ಟು ಬರುತ್ತದೆ. ಕೆಲಸ ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಗಾರ್ಡ್ ಬಿಚ್ಚಿಟ್ಟು, ನಾಲ್ಕಿಂಚಿನ ಮಷಿನ್ನಿಗೆ ಐದಿಂಚಿನ ಚಕ್ರ ತೂರಿಸಿ, ಬರಿಗಣ್ಣಲ್ಲಿ ಕೂತು ಕತ್ತರಿಸುವವರನ್ನು ನಾನು ಮುಸ್ಸಂಜೆಯ ಹೊತ್ತಿಗೆ ಕೆಂಪು ಕಣ್ಣಿನೊಂದಿಗೆ ನೋಡುತ್ತೇನೆ. ಚಕ್ರದ ಮೇಲೆ ಅದು ತಾಳುವ ವೇಗವನ್ನು ಬರೆದಿರುತ್ತಾರೆ. ಮಷಿನ್ನಿನ ವೇಗ ಅದಕ್ಕಿಂತ ಹೆಚ್ಚಿರಬಾರದು. ಬಿದ್ದು ಬಿರುಕು ಬಿಟ್ಟ ಚಕ್ರ, ಒದ್ದೆಯಾದ ಚಕ್ರ ಎರಡೂ ತಿರುಗುವಾಗ ಸಿಡಿಯಬಹುದು. ಕತ್ತರಿಸುವ ತೆಳು ಚಕ್ರದ ಬದಿಯಿಂದ ಬರ್ ಉಜ್ಜುವುದಂತೂ ಬೇಡವೇ ಬೇಡ. ಸಡಿಲ ತೋಳಿನ ಕುರ್ತಾ, ಕೊರಳಿಗೆ ಸುತ್ತಿದ ರುಮಾಲು, ದಾರ ಬಿಟ್ಟ ಹತ್ತಿ ಕೈಚೀಲ ತಿರುಗುವ ಮಷಿನ್ನಿನ ಹತ್ತಿರ ಬರಕೂಡದು. ಕೈಯ ಉಂಗುರವೂ ಹಾಗೆಯೇ. ಬೆಳ್ಳಿಯ ಅಕೀಕ್ ಉಂಗುರ ನಮ್ಮ ಗಂಡಸರಿಗೆ ಪ್ರಿಯವಾದದ್ದು, ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಕೂರಿ. ಪೈಪಿನ ಬರ್ ಉಂಗುರಕ್ಕೆ ಸಿಕ್ಕಿಕೊಂಡರೆ ಬೆರಳಿನ ಚರ್ಮವನ್ನೇ ಸುಲಿದು ತೆಗೆಯುತ್ತದೆ. ಕರೆಂಟ್ ತಾಗಿದರೆ ಉಂಗುರದ ಸುತ್ತಲೂ ಸುಡುತ್ತದೆ.

ಮುಳ್ಳು ತೆಗೆಯುವುದು

ಒಳ ಅಂಚಿಗೆ ದುಂಡನೆಯ ಅಥವಾ ಅರ್ಧ ದುಂಡನೆಯ ಅರ ಬೇಕು. ರೀಮರ್ ಇದ್ದರೆ ಇನ್ನೂ ಒಳ್ಳೆಯದು. ಪೈಪ್ ವೈಸಿನಲ್ಲೇ ಇರಲಿ. ಅರವನ್ನು ಬಾಯೊಳಗೆ ಇಟ್ಟು, ಮುಂದಕ್ಕೆ ನೂಕುತ್ತಲೇ ಸ್ವಲ್ಪ ತಿರುಗಿಸುತ್ತಾ ಸುತ್ತಲೂ ಆಡಿಸಬೇಕು. ಚೂಪು ಹೋಗಿ ಅಂಚು ಸ್ವಲ್ಪ ಇಳಿಜಾರಾದರೆ ಸಾಕು. ಗೋಡೆಯನ್ನೇ ತೆಳ್ಳಗೆ ಮಾಡಬೇಕಿಲ್ಲ. ಆಮೇಲೆ ಹೊರ ಅಂಚಿಗೆ ಚಪ್ಪಟೆ ಅರ. ಡೈ ಹಾಕಿ ಥ್ರೆಡ್ ಮಾಡಿದರೆ ಅದರಿಂದಲೂ ಹೊಸ ಬರ್ ಏಳುತ್ತದೆ, ಆದ್ದರಿಂದ ಥ್ರೆಡ್ ಆದ ಮೇಲೆ ಒಳಗೆ ಮತ್ತೊಮ್ಮೆ ಅರ ಆಡಿಸಬೇಕು. ಅರಕ್ಕೆ ಮರದ ಹಿಡಿ ಇರಲೇಬೇಕು. ಹಿಡಿಯಿಲ್ಲದ ಅರದ ಬಾಲ ಅಂಗೈಯಲ್ಲಿ ನೆಟ್ಟುಕೊಂಡು ಬಂದ ಒಬ್ಬ ಹದಿನೇಳರ ಹುಡುಗನನ್ನು ನಾನು ಮರೆತಿಲ್ಲ. ಹಿಡಿಗೆ ಎಷ್ಟು ಬೀಳುತ್ತದೆ ಎಂದು ಕೇಳಿದೆ. ಅವನ ಅಬ್ಬಾ ಉತ್ತರ ಕೊಡಲಿಲ್ಲ.

ನುಣುಪಾಯಿತೇ ಎಂದು ನೋಡಲು ಬೆರಳು ಹಾಕಬಾರದು. ಸ್ವಲ್ಪ ಹತ್ತಿಯನ್ನು ಕಡ್ಡಿಗೆ ಸುತ್ತಿ ಒಳ ಅಂಚಿನ ಮೇಲೆ ಸುತ್ತಿಸಿ. ಮುಳ್ಳಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಇದಕ್ಕಿಂತ ನೇರವಾದ ಪರೀಕ್ಷೆ ಇನ್ನೊಂದಿದೆ: ಬಿಸಾಡುವ ವೈರಿನ ಗೇಣುದ್ದದ ತುಂಡನ್ನು ಪೈಪಿನ ಅಂಚಿಗೆ ಒತ್ತಿ ಎಳೆಯಿರಿ. ಹೊದಿಕೆಯ ಮೇಲೆ ಗೀರು ಬಿದ್ದರೆ ಇನ್ನೂ ಉಜ್ಜಬೇಕು.

ಅರದ ಪುಡಿಯನ್ನು ಬಾಯಿಂದ ಊದಬೇಡಿ. ಪೈಪಿನ ಒಂದು ಬಾಯಲ್ಲಿ ಊದಿದ್ದು ತಿರುಗಿ ನಿಮ್ಮ ಕಣ್ಣಿಗೇ ಬರುತ್ತದೆ. ಪೈಪನ್ನು ಓರೆ ಮಾಡಿ ತಟ್ಟಿ, ಬ್ರಷ್ಷಿನಿಂದ ಗುಡಿಸಿ, ಒಳಗೆ ಬಟ್ಟೆಯ ಉಂಡೆ ಎಳೆದು ತೆಗೆಯಿರಿ. ಪೈಪ್ ಡಬ್ಬಕ್ಕೆ ಸೇರುವ ಕಡೆ ಬುಶ್ ಹಾಕಿ, ಕತ್ತರಿಸಿದ ಅಂಚಿಗೆ ಸತುವಿನ ಬಣ್ಣ ಬಳಿದರೆ ತುಕ್ಕು ತಡೆಯುತ್ತದೆ. ಎಲ್ಲ ಪೈಪೂ ಒಂದಕ್ಕೊಂದು ಬಿಗಿಯಾಗಿ ಸೇರಿ ಅರ್ಥಿಂಗಿಗೆ ಜೋಡಣೆಯಾಗಿರಬೇಕು ಎಂಬುದು ಉಸ್ತಾದರಿಗೆ ತಿಳಿದೇ ಇದೆ.

ಜಿಐ ಪೈಪಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದನ್ನು ವೆಲ್ಡಿಂಗ್ ಮಾಡಿದಾಗ ಸತು ಉರಿದು ಬಿಳಿ ಹೊಗೆ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಕುಡಿದವನಿಗೆ ಕೆಲವು ಗಂಟೆ ಕಳೆದ ಮೇಲೆ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬರುತ್ತವೆ. ಮಲೇರಿಯಾ ಎಂದು ಹೆದರಿ ಬರುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ, ಆದರೆ ಉಸಿರಾಟಕ್ಕೆ ಕಷ್ಟವಾದರೆ ಕಾಯಬಾರದು. ಹಾಲು ಕುಡಿದರೆ ಹೊಗೆ ಏನೂ ಮಾಡದು ಎಂಬ ನಂಬಿಕೆ ವೆಲ್ಡಿಂಗ್ ಅಂಗಡಿಗಳಲ್ಲಿ ಗಟ್ಟಿಯಾಗಿದೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಕಿಟಕಿ ಬಾಗಿಲು ತೆರೆಯುವುದೇ ಮದ್ದು.

ಗಾಯವಾದಾಗ ಮನೆಯವರು ಮಾಡಬೇಕಾದ್ದು

ಕೈ ಕೊಯ್ದುಕೊಂಡರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಬೆರಳಿನಲ್ಲಿ ಉಂಗುರವಿದ್ದರೆ ಊತ ಬರುವ ಮೊದಲೇ ತೆಗೆಯಿರಿ. ಶುಭ್ರವಾದ ಬಟ್ಟೆ ಒತ್ತಿ, ಕೈಯನ್ನು ಎದೆಗಿಂತ ಮೇಲೆತ್ತಿ ಹತ್ತು ನಿಮಿಷ ಬಿಡದೆ ಹಿಡಿಯಿರಿ. ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಬೇಡಿ. ಕಾಫಿ ಪುಡಿ, ಸುಣ್ಣ, ಬೀಡಿಯ ಬೂದಿ, ಗ್ರೀಸು ಇವೆಲ್ಲ ನಾನು ಗಾಯದೊಳಗಿಂದ ತೊಳೆದು ತೆಗೆದ ಪದಾರ್ಥಗಳು. ಅರಿಶಿನವನ್ನೂ ಆಳವಾದ ಹಸಿ ಗಾಯಕ್ಕೆ ತುಂಬಬೇಡಿ. ನಮ್ಮ ಯುನಾನಿ ಮರ್ಹಮ್‌ಗಳಿಗೂ ಇದೇ ಮಾತು: ತೊಳೆದು, ಒಳಗೆ ಚೂರಿಲ್ಲವೆಂದು ಖಚಿತವಾಗಿ, ಮಾಯಲು ಶುರುವಾದ ಗಾಯಕ್ಕೆ ಅವು ಒಳ್ಳೆಯವು. ಮೊದಲ ದಿನ ಅವುಗಳ ಕೆಲಸವಿಲ್ಲ.

ಬೆರಳಿನ ತುದಿ ಜೋಮು ಹಿಡಿದಂತಿದ್ದರೆ ನರ ತುಂಡಾಗಿರಬಹುದು. ಬೆರಳು ಮಡಚಲು ಅಥವಾ ನೇರ ಮಾಡಲು ಆಗದಿದ್ದರೆ ಸ್ನಾಯುರಜ್ಜು ತುಂಡಾಗಿರಬಹುದು. ಗಾಯ ಎಷ್ಟೇ ಚಿಕ್ಕದಿರಲಿ, ರಕ್ತ ಎಷ್ಟೇ ಬೇಗ ನಿಂತಿರಲಿ, ಅಂದೇ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೋಗಬೇಕು. ನಾನೂ ಅಂಥವರನ್ನು ಅಲ್ಲಿಗೇ ಕಳಿಸುತ್ತೇನೆ. "ಯುನಾನಿಯಲ್ಲಿ ಇದಕ್ಕೆ ಮದ್ದಿಲ್ಲವೇ?" ಎಂದು ಚಾಚಾ ಒಬ್ಬರು ಬೇಸರಪಟ್ಟರು. ಸುಮಾರು ಸಾವಿರ ವರ್ಷದ ಹಿಂದೆ ಕುರ್ತುಬಾದ ಅಬುಲ್ ಕಾಸಿಂ ಝಹ್ರಾವಿ ತನ್ನ 'ಅತ್ತಸ್ರೀಫ್' ಗ್ರಂಥದ ಮೂವತ್ತನೆಯ ಭಾಗವನ್ನು ಪೂರ್ತಿಯಾಗಿ ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟು, ಉಪಕರಣಗಳ ಚಿತ್ರಗಳನ್ನೂ ಕೊಟ್ಟಿದ್ದ. ಶಸ್ತ್ರಚಿಕಿತ್ಸೆಗೆ ಕಳಿಸುವುದರಿಂದ ನಮ್ಮ ಪದ್ಧತಿಗೆ ಅವಮಾನವಿಲ್ಲ ಎಂದು ಅವರಿಗೆ ಹೇಳಿದೆ. ಒಪ್ಪಿದರೋ ಇಲ್ಲವೋ, ಹುಡುಗನನ್ನು ಕರೆದುಕೊಂಡು ಹೋದರು. ಇಂದು ಅವನ ಬೆರಳು ಮಡಚುತ್ತದೆ.

ಧನುರ್ವಾಯು ತುಕ್ಕಿನಿಂದ ಬರುತ್ತದೆ ಎಂದು ತಿಳಿದಿದ್ದೇವೆ. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ, ಧೂಳಿನಲ್ಲಿ. ಕಟ್ಟಡದ ನೆಲದ ಮೇಲೆ ಹೊರಳಿದ ಪೈಪಿಗೆ ಅದು ಅಂಟಿರುತ್ತದೆ, ಪೈಪ್ ಹೊಸದಾಗಿ ಥಳಥಳಿಸುತ್ತಿದ್ದರೂ ಸರಿ. ಲಸಿಕೆಗೆ ಈಗ ಟಿಟಿ ಬದಲು ಟಿಡಿ ಕೊಡುತ್ತಾರೆ. ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಒಂದೊಂದು, ಆಮೇಲೆ ಹತ್ತು ವರ್ಷಕ್ಕೊಮ್ಮೆ. ಕೊಳಕು ಗಾಯವಾಗಿ, ಹಿಂದಿನ ಲಸಿಕೆಗೆ ಐದು ವರ್ಷ ದಾಟಿದ್ದರೆ ಮತ್ತೊಂದು ಬೇಕು. ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಹುಡುಗರಿಗೆ ಹದಿನಾರರದು ತಪ್ಪಿಹೋಗಿರುತ್ತದೆ. ತಾಯಂದಿರೇ, ಒಮ್ಮೆ ಲೆಕ್ಕ ಹಾಕಿ ನೋಡಿ.

ಕಣ್ಣಿಗೆ ಚೂರು ಬಿದ್ದರೆ ಉಜ್ಜಬಾರದು. ಸೆರಗಿನ ತುದಿ, ಬೆಂಕಿಕಡ್ಡಿ, ಮಡಚಿದ ಕಾಗದ, ನಾಲಗೆ ಯಾವುದೂ ಬೇಡ. ಶುದ್ಧ ನೀರನ್ನು ಧಾರಾಳವಾಗಿ ಹರಿಸಿ ತೊಳೆಯಿರಿ. ಹೋಗದಿದ್ದರೆ ಅಂದೇ ಕಣ್ಣಿನ ಆಸ್ಪತ್ರೆ. ಕಬ್ಬಿಣದ ಚೂರು ಕಣ್ಣಿನ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪರೆಯಲ್ಲಿ ಕೂತರೆ, ಒಂದೆರಡು ದಿನದೊಳಗೆ ಅದರ ಸುತ್ತ ತುಕ್ಕಿನ ಬಳೆ ಕಟ್ಟುತ್ತದೆ. ಗ್ರೈಂಡರಿನಿಂದ ಸಿಡಿದ ಚೂರು ಗುಡ್ಡೆಯನ್ನು ತೂರಿ ಒಳಗೇ ಹೋಗಿರಬಹುದು. ಹಾಗೆನಿಸಿದರೆ ತೊಳೆಯುವುದೂ ಬೇಡ, ಒತ್ತುವುದೂ ಬೇಡ, ಮೇಲೊಂದು ಸ್ವಚ್ಛ ಲೋಟ ಮುಚ್ಚಿ ಕರೆದೊಯ್ಯಿರಿ. ಇಂಥವರು ಮುಂದೆ ಎಂದಾದರೂ ಎಂಆರ್‌ಐ ಮಾಡಿಸುವಾಗ ಕಣ್ಣಿಗೆ ಲೋಹ ಸಿಡಿದಿತ್ತೆಂದು ಮೊದಲೇ ಹೇಳಬೇಕು. ಪನ್ನೀರು ಯುನಾನಿಯಲ್ಲಿ ಕಣ್ಣಿಗೆ ಬಳಕೆಯಲ್ಲಿರುವುದು ನಿಜ, ಆದರೆ ಲೋಹ ಬಿದ್ದ ಕಣ್ಣಿಗೆ ಅದೂ ಬೇಡ, ಸುರ್ಮಾ ಅಂತೂ ಬೇಡವೇ ಬೇಡ. ಕೆಲಸಕ್ಕೆ ಹೊರಡುವ ಮಗನ ಚೀಲದಲ್ಲಿ ಬದಿಯೂ ಮುಚ್ಚುವ ಕನ್ನಡಕ ಇದೆಯೇ ಎಂದು ನೋಡಿ.

ಬ್ಯಾಂಡೇಜಿನ ವಿಷಯದಲ್ಲಿ ನಾನು ದಿನವೂ ಕಾಣುವ ತೊಂದರೆಯೊಂದಿದೆ. ಹೊಲಿಗೆ ಹಾಕಿಸಿಕೊಂಡ ಹುಡುಗ ಐದು ಹೊತ್ತಿನ ವುಝೂಗೆ ಐದು ಸಲ ಪಟ್ಟಿ ನೆನೆಸಿಕೊಂಡು, ಮೂರನೆಯ ದಿನ ಬೆಳ್ಳಗೆ ನೆನೆದ ಗಾಯ ತೋರಿಸುತ್ತಾನೆ. ಮೊದಲ ಎರಡು ದಿನವಾದರೂ ಗಾಯ ಒಣಗಿರಬೇಕು, ಒದ್ದೆಯಾದ ಪಟ್ಟಿಯನ್ನು ಕೂಡಲೇ ಬದಲಿಸಬೇಕು. ನೀರು ಹಾನಿ ಮಾಡುವ ಗಾಯದ ಪಟ್ಟಿಯ ಮೇಲೆ ಒದ್ದೆ ಕೈ ಸವರುವ ಅನುಮತಿ ಧರ್ಮದಲ್ಲೇ ಇದೆ. ವಿವರಗಳನ್ನು ನಿಮ್ಮ ಮಸೀದಿಯ ಮೌಲಾನಾರಲ್ಲಿ ಕೇಳಿ, ವೈದ್ಯರು ನೀರು ತಾಗಿಸಬೇಡ ಎಂದಿದ್ದಾರೆಂದು ಹೇಳಿ.

ಇನ್ನು ಶಾಕ್. ಪೈಪಿಗೆ ಯಾರಾದರೂ ಅಂಟಿಕೊಂಡರೆ ಮುಟ್ಟಬೇಡಿ, ಮೇನ್ ಆಫ್ ಮಾಡಿ. ಆಫ್ ಮಾಡಲಾಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ, ನೀವು ನಿಂತ ಜಾಗವೂ ಒಣಗಿರಲಿ. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಬಲವಾಗಿ ಒತ್ತುತ್ತಾ ಇರಿ. ಎದ್ದು ಕೂತು ಚೆನ್ನಾಗಿದ್ದೇನೆ ಎಂದರೂ ಆಸ್ಪತ್ರೆಯಲ್ಲಿ ಹೃದಯದ ಪರೀಕ್ಷೆ ಮಾಡಿಸಿ.

ನಿಮ್ಮ ಮನೆ, ಅಂಗಡಿ, ಮದರಸಾದ ಗೋಡೆಯ ಮೇಲೆ ಹಳೆಯ ಕಬ್ಬಿಣದ ಪೈಪಿದ್ದರೆ ಅದರೊಳಗಿನ ಬರ್ ಈಗ ಯಾರಿಗೂ ಕಾಣದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಮೆಗ್ಗರ್ ಹಾಕಿ ವೈರಿನ ಹೊದಿಕೆ ಗಟ್ಟಿಯಿದೆಯೇ ಎಂದೂ, ಅರ್ಥಿಂಗ್ ಇದೆಯೇ ಎಂದೂ ಪರೀಕ್ಷಿಸಲು ಹೇಳಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಪೈಪಿಗೆ ಕರೆಂಟ್ ಸೋರಿದರೆ ಅದು ಕ್ಷಣದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲೆ 'ಟಿ' ಎಂದು ಬರೆದ ಚಿಕ್ಕ ಗುಂಡಿಯಿರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ. ಕರೆಂಟ್ ಹೋದರೆ ಅದು ಕೆಲಸ ಮಾಡುತ್ತಿದೆ, ಹೋಗದಿದ್ದರೆ ಅಂದೇ ಬದಲಾಯಿಸಿ.